ಸಮ್ಮೇಳನದ ಊಟದ ಸಾಲು, ವೈಜಾಪುರದ ಹೆದ್ದಾರಿ

ವೈಜಾಪುರ ಎಂದೊಡನೆ ನಮ್ಮವರಲ್ಲಿ ಅನೇಕರು ವಿಜಯಪುರ ಎಂದೇ ಕೇಳಿಸಿಕೊಳ್ಳುತ್ತಾರೆ. ಇದು ಬೇರೆ ಊರು. ನಾಸಿಕಕ್ಕೂ ಛತ್ರಪತಿ ಸಂಭಾಜಿನಗರಕ್ಕೂ ನಡುವೆ, ಗೋದಾವರಿಯ ಉತ್ತರಕ್ಕಿರುವ ತಾಲ್ಲೂಕು ಕೇಂದ್ರ. ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಕವಿರಾಜಮಾರ್ಗ ಗೋದಾವರಿಯವರೆಗೆ ಹೇಳುವುದರಿಂದ, ಆ ಲೆಕ್ಕದಲ್ಲಿ ವೈಜಾಪುರ ನಮ್ಮ ಹಳೆಯ ಗಡಿಯ ಆಚೆ ದಡದ ಊರು. ಎಲ್ಲೋರದ ಬಂಡೆಯಲ್ಲಿ ಕೈಲಾಸವನ್ನು ಕಡೆಸಿದ ರಾಷ್ಟ್ರಕೂಟರು ಆ ಎಲ್ಲೆಯನ್ನು ಅಷ್ಟಾಗಿ ಲೆಕ್ಕಕ್ಕಿಟ್ಟಂತೆ ತೋರುವುದಿಲ್ಲ; ಅದು ಬೇರೆ ಮಾತು. ಇಂದು ಆ ತಾಲ್ಲೂಕನ್ನು ಸೀಳಿಕೊಂಡು ಹೋಗುವುದು ನಾಗಪುರ–ಮುಂಬಯಿ ಸಮೃದ್ಧಿ ಮಹಾಮಾರ್ಗ. ಒಟ್ಟು 701 ಕಿಲೋಮೀಟರ್ ಉದ್ದದ ಈ ಹೆದ್ದಾರಿಯ ಮೊದಲ ಭಾಗ ನಾಗಪುರದಿಂದ ಶಿರಡಿಯವರೆಗೆ 2022ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಕೊನೆಯ ಭಾಗ ತೆರೆದದ್ದು 2025ರ ಜೂನ್‌ನಲ್ಲಿ.

ಸಾರಿಗೆ ಎಂಜಿನಿಯರಿಂಗ್ ಸಮ್ಮೇಳನಗಳ ಕುರಿತು ಬರೆಯಹೊರಟ ನಾವು ಈ ಊರಿನಿಂದ ಆರಂಭಿಸುವುದಕ್ಕೆ ಕಾರಣ ಒಂದು ರಾತ್ರಿ. 2023ರ ಅಕ್ಟೋಬರ್ 15ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಬುಲ್ಢಾಣಾ ಜಿಲ್ಲೆಯ ಸೈಲಾನಿ ಬಾಬಾ ದರ್ಗಾದ ದರ್ಶನ ಮುಗಿಸಿ ನಾಸಿಕದ ಕಡೆಗೆ ಮರಳುತ್ತಿದ್ದ ಯಾತ್ರಿಕರ ಮಿನಿಬಸ್ಸು ವೈಜಾಪುರದ ಬಳಿ ಲಾರಿಯೊಂದರ ಹಿಂಬದಿಗೆ ಅಪ್ಪಳಿಸಿತು. 12 ಮಂದಿ ಸತ್ತರು. ಬಸ್ಸಿನಲ್ಲಿ ಆಸನಗಳಿಗಿಂತ ಬಹಳ ಹೆಚ್ಚು ಜನರಿದ್ದರೆಂದು ವರದಿಯಾಯಿತು. ಸಾರಿಗೆ ಇಲಾಖೆಯ ತಪಾಸಣೆಯವರು ಆ ಲಾರಿಯನ್ನು ಹೆದ್ದಾರಿಯಲ್ಲಿಯೇ ನಿಲ್ಲಿಸಿದ್ದರೆಂಬ ಆರೋಪ ಬಂದಿತು, ಇಬ್ಬರು ಅಧಿಕಾರಿಗಳ ಬಂಧನವೂ ಆಯಿತು. ಅದಕ್ಕೆ ಮೂರೂವರೆ ತಿಂಗಳ ಹಿಂದೆ, ಜುಲೈ 1ರ ರಾತ್ರಿ, ಇದೇ ಮಾರ್ಗದ ಸಿಂದಖೇಡ ರಾಜಾದ ಬಳಿ ಖಾಸಗಿ ಬಸ್ಸೊಂದು ಉರುಳಿ ಹೊತ್ತಿಕೊಂಡು 25 ಜನ ಸತ್ತಿದ್ದರು.

ವೈಜಾಪುರದ ಆ ಒಂದು ಘಟನೆಯಲ್ಲಿ ಸಾರಿಗೆ ಎಂಜಿನಿಯರಿಂಗಿನ ಅರ್ಧ ಪಠ್ಯಕ್ರಮವೇ ಅಡಗಿದೆ. ತಾಸಿಗೆ 120 ಕಿಲೋಮೀಟರ್ ಮಿತಿ ಇರುವ ರಸ್ತೆಯಲ್ಲಿ ನಿಂತ ಅಥವಾ ನಿಲ್ಲುತ್ತಿರುವ ಲಾರಿ ಹಿಂದಿನವನಿಗೆ ಎಷ್ಟು ದೂರದಿಂದ ಕಾಣಬೇಕು? ತಪಾಸಣೆ ಮಾಡುವವರಿಗೆ ಸುರಕ್ಷಿತವಾದ ಜಾಗವನ್ನು ನಕ್ಷೆಯಲ್ಲಿಯೇ ಬಿಟ್ಟಿರಬೇಕಲ್ಲವೇ? ಗಂಟೆಗಟ್ಟಲೆ ನೇರವಾಗಿ ಸಾಗುವ ಕಾಂಕ್ರೀಟ್ ರಸ್ತೆಯಲ್ಲಿ ಚಾಲಕನ ಕಣ್ಣು ತೆರೆದೇ ಇದ್ದು ಮನಸ್ಸು ಮಾತ್ರ ಮಂಪರಿಗೆ ಜಾರುವುದನ್ನು ತಡೆಯುವುದು ಹೇಗೆ? ಇವುಗಳಿಗೆ ಉತ್ತರ ತಿಳಿದವರು ದೇಶದಲ್ಲಿ ಇಲ್ಲದಿಲ್ಲ. ಅವರು ವರ್ಷಕ್ಕೆ ಹಲವು ಸಲ ಒಂದೆಡೆ ಸೇರುತ್ತಲೂ ಇದ್ದಾರೆ.

ಹಾಗೆ ಸೇರುವ ಪರಂಪರೆ ಹಳೆಯದು. ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯ ರಸ್ತೆ ಅಭಿವೃದ್ಧಿ ಸಮಿತಿಯ ಶಿಫಾರಸಿನಿಂದ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ದೇಶದ ರಸ್ತೆಯ ಫಲಕ ಹೇಗಿರಬೇಕು, ಗೆರೆ ಎಲ್ಲಿ ಎಳೆಯಬೇಕು, ಸುರಕ್ಷತೆಯ ಪರಿಶೋಧನೆ ಹೇಗೆ ನಡೆಯಬೇಕು ಎಂಬ ಸಂಹಿತೆಗಳೆಲ್ಲ ಅದರ ಸಮಿತಿಗಳಲ್ಲಿ ರೂಪುಗೊಳ್ಳುತ್ತವೆ. ಅದರ ವಾರ್ಷಿಕ ಅಧಿವೇಶನ 2018ರಲ್ಲಿ ನಡೆದದ್ದು ನಾಗಪುರದಲ್ಲಿ, ಸಮೃದ್ಧಿ ಮಾರ್ಗದ ಕೆಲಸ ಶುರುವಾಗುವ ಆಸುಪಾಸಿನಲ್ಲಿ. ಸಂಶೋಧಕರ ಸಂಘಟನೆಯಾದ ಟ್ರಾನ್ಸ್‌ಪೋರ್ಟೇಶನ್ ರಿಸರ್ಚ್ ಗ್ರೂಪ್ ಆಫ್ ಇಂಡಿಯಾ ತನ್ನ ಮೊದಲ ಸಮ್ಮೇಳನವನ್ನು 2011ರಲ್ಲಿ ನಡೆಸಿದ್ದು ನಮ್ಮ ಬೆಂಗಳೂರಿನಲ್ಲಿ. ಸಾರಿಗೆ ಸಂಶೋಧನೆಯ ವಿಶ್ವ ಸಮ್ಮೇಳನ 2019ರಲ್ಲಿ ಮುಂಬಯಿಗೆ ಬಂದಿತ್ತು. ಅಮೆರಿಕದಲ್ಲಿರುವ ನಮ್ಮ ಓದುಗರಲ್ಲಿ ಕೆಲವರಾದರೂ ಪ್ರತಿ ಜನವರಿಯಲ್ಲಿ ವಾಷಿಂಗ್ಟನ್ನಿನ ಚಳಿಯಲ್ಲಿ ನಡೆಯುವ ಟಿಆರ್‌ಬಿ ಸಭೆಗೆ ಹೋಗಿ ಬಂದವರಿರಬಹುದು.

ಇಂಥ ಸಮ್ಮೇಳನಗಳನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ವೇದಿಕೆಯ ಮೇಲೆ ಹನ್ನೆರಡು ನಿಮಿಷದಲ್ಲಿ ಓದಿ ಮುಗಿಸುವ ಪ್ರಬಂಧಕ್ಕಿಂತ ಹೊರಗಿನ ಚಹಾದ ಮೇಜಿನ ಬಳಿ ಕಲಿಯುವುದು ಹೆಚ್ಚು ಎಂಬುದು ಹೋಗಿಬಂದವರೆಲ್ಲರ ಅನುಭವ. ಪ್ರಬಂಧದಲ್ಲಿ ಯಶಸ್ಸು ಇರುತ್ತದೆ. ಚಹಾದ ಬಟ್ಟಲು ಕೈಗೆ ಬಂದ ಮೇಲೆ ಹಿರಿಯ ಎಂಜಿನಿಯರ್ ತಾನು ಕಟ್ಟಿಸಿದ ಮೋರಿ ಮೊದಲ ಮಳೆಗೇ ಏಕೆ ಕುಸಿಯಿತೆಂಬುದನ್ನು ಹೇಳುತ್ತಾನೆ. ಭಿತ್ತಿಪತ್ರದ ಮುಂದೆ ಒಬ್ಬಂಟಿಯಾಗಿ ನಿಂತ ವಿದ್ಯಾರ್ಥಿನಿಗೆ ಮುಂದಿನ ಗುರು ಸಿಗುವುದು, ದೂರದ ರಾಜ್ಯದ ಇಬ್ಬರು ಕಾರ್ಯಪಾಲಕ ಎಂಜಿನಿಯರರು ಒಂದೇ ಬಗೆಯ ಬಿರುಕಿನ ಬಗ್ಗೆ ದೂರವಾಣಿ ಸಂಖ್ಯೆ ಬದಲಾಯಿಸಿಕೊಳ್ಳುವುದು, ಎಲ್ಲವೂ ಸಭಾಂಗಣದ ಹೊರಗೇ. ನಮ್ಮ ಸಾಹಿತ್ಯ ಸಮ್ಮೇಳನಗಳು ಇದಕ್ಕಿಂತ ಬೇರೆಯಲ್ಲ. ಗೋಷ್ಠಿಯಲ್ಲಿ ಖಾಲಿ ಕುರ್ಚಿಗಳು, ಪುಸ್ತಕ ಮಳಿಗೆಯಲ್ಲಿ ಜನ, ಊಟದ ಸಾಲಿನಲ್ಲಿ ನಿಜವಾದ ವಿಮರ್ಶೆ! ಈಗ ನೆಟ್‌ವರ್ಕಿಂಗ್ ಎಂಬ ಹೆಸರಿನಲ್ಲಿ ಕಾರ್ಯಕ್ರಮ ಪಟ್ಟಿಯಲ್ಲಿಯೇ ಅಚ್ಚಾಗುವ ಒಂದು ಗಂಟೆ, ಒಂದು ಕಾಲಕ್ಕೆ ಊಟದ ಸಾಲಿನಲ್ಲಿ ತಾನಾಗಿಯೇ ನಡೆಯುತ್ತಿದ್ದ ಒಡನಾಟವೇ.

ನಮ್ಮ ತಕರಾರು ಆ ಒಡನಾಟದ ಮೇಲಲ್ಲ, ಅದರ ಸುತ್ತಳತೆಯ ಮೇಲೆ. ಪ್ರಾಧ್ಯಾಪಕನು ಪ್ರಾಧ್ಯಾಪಕನನ್ನು ಕಾಣುತ್ತಾನೆ, ಗುತ್ತಿಗೆದಾರನು ಅಧಿಕಾರಿಯನ್ನು ಕಾಣುತ್ತಾನೆ, ತಡೆಬೇಲಿ ಮಾರುವ ಕಂಪನಿಯ ಮಳಿಗೆಯವನು ಇಬ್ಬರನ್ನೂ ಕಾಣುತ್ತಾನೆ. ಆ ಮಳಿಗೆಯ ಮುಂದೆ ಬೆಳೆಯುವ ಪರಿಚಯಕ್ಕೆ ಅದರದೇ ಉಪಯೋಗವಿದೆ. ಆದರೆ ಅದನ್ನು ಕಲಿಕೆಯೆಂದು ಕರೆಯಲು ನಮಗೆ ಸಂಕೋಚವಾಗುತ್ತದೆ. ಯಾರು ಅಲ್ಲಿ ಕಾಣಸಿಗುವುದಿಲ್ಲವೆಂದರೆ ಲಾರಿಯ ಚಾಲಕ, ಟೋಲ್ ನಾಕೆಯಲ್ಲಿ ರಾತ್ರಿ ಪಾಳಿ ಮಾಡುವವನು, ಆಂಬುಲೆನ್ಸಿನವನು, ತಾಲ್ಲೂಕು ಆಸ್ಪತ್ರೆಯ ವೈದ್ಯ, ಹೆದ್ದಾರಿಯ ಬೇಲಿಯಾಚೆಗೆ ಹೊಲವಿರುವ ರೈತ. ಸಮ್ಮೇಳನದ ಕೊನೆಯ ದಿನ ‘ಟೆಕ್ನಿಕಲ್ ಟೂರ್’ ಇರುತ್ತದೆಂದು ಯಾರಾದರೂ ಹೇಳಿಯಾರು. ನಾವು ಕಂಡ ಒಂದರಲ್ಲಿ ಹವಾನಿಯಂತ್ರಿತ ಬಸ್ಸು ಹೊಸ ಸೇತುವೆಯ ಬುಡದಲ್ಲಿ ನಿಂತಿತು. ಹಳದಿ ಶಿರಸ್ತ್ರಾಣ ಹಂಚಿದರು, ಚಿತ್ರ ತೆಗೆದರು, ಶಿರಸ್ತ್ರಾಣ ಹಿಂದಕ್ಕೆ ಪಡೆದರು.

ಹೊರಗಿನಿಂದ ಕಲಿತರೆ ಏನಾಗುತ್ತದೆಂಬುದಕ್ಕೆ ಮಹಾರಾಷ್ಟ್ರದಲ್ಲಿಯೇ ಉದಾಹರಣೆಯಿದೆ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ಸೇವ್‌ಲೈಫ್ ಫೌಂಡೇಶನ್ 2016ರಿಂದ ಸರ್ಕಾರಿ ಸಂಸ್ಥೆಗಳ ಜೊತೆಗೂಡಿ ಕೆಲಸ ಮಾಡಿತು. ಅವರ ವಿಧಾನದ ಬುಡದಲ್ಲಿದ್ದದ್ದು ಅಪಘಾತವಾದ ಜಾಗಕ್ಕೇ ಹೋಗಿ ಅಳೆದು ನೋಡುವ ತನಿಖೆ. ರಸ್ತೆಯಂಚಿನಲ್ಲಿ ನಿಂತ ಭಾರಿ ವಾಹನಗಳಿಗೆ ಹಿಂದಿನಿಂದ ಬಂದು ಗುದ್ದುವುದು ಅಲ್ಲಿ ಗುರುತಿಸಿದ ಮುಖ್ಯ ಅಪಾಯಗಳಲ್ಲೊಂದು. ಕೆಲವೇ ವರ್ಷಗಳಲ್ಲಿ ಆ ಮಾರ್ಗದ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ವೈಜಾಪುರದ ಅಪಘಾತವನ್ನು ಓದಿದಾಗ ನಮ್ಮನ್ನು ಕಾಡಿದ್ದು ಇದೇ. ಅದೇ ರಾಜ್ಯ, ಅದೇ ಬಗೆಯ ರಸ್ತೆ, ಹಿಂದಿನಿಂದ ಗುದ್ದಿದ ಅದೇ ಬಗೆಯ ಪೆಟ್ಟು. ಮೊದಲ ಮಾರ್ಗದಲ್ಲಿ ಕಲಿತದ್ದು ಎರಡನೆಯ ಮಾರ್ಗಕ್ಕೆ ತಲುಪುವ ಮುನ್ನವೇ ಹೆದ್ದಾರಿ ತೆರೆದಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಕತೆಯೂ ಹೀಗೆಯೇ; ಮೊದಲ ತಿಂಗಳುಗಳ ಸಾವುಗಳ ನಂತರ, ಆ ಆಗಸ್ಟಿನಿಂದ ದ್ವಿಚಕ್ರ ವಾಹನಗಳನ್ನೂ ಆಟೋಗಳನ್ನೂ ಅಲ್ಲಿ ನಿಷೇಧಿಸಲಾಯಿತು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅಷ್ಟು ದೊಡ್ಡ ಸಂಖ್ಯೆ ಎದುರಿಗಿರುವಾಗ ಒಂದು ರಸ್ತೆಯ ಪಾಠ ಇನ್ನೊಂದಕ್ಕೆ ಹೋಗುವ ದಾರಿ ಯಾವುದೆಂಬ ಪ್ರಶ್ನೆ ಸಮ್ಮೇಳನಗಳ ಮುಂದೆ ಮೊದಲನೆಯದಾಗಬೇಕು.

ಭಾಷೆಯ ಮಾತೂ ಇದರಲ್ಲಿ ಸೇರಿದೆ. ಅಂಕೋಲಾದಿಂದ ಹೊರಡುವ 52ನೆಯ ರಾಷ್ಟ್ರೀಯ ಹೆದ್ದಾರಿ ಹುಬ್ಬಳ್ಳಿ, ವಿಜಯಪುರ, ಸೋಲಾಪುರಗಳನ್ನು ಹಾದು ಸಂಭಾಜಿನಗರಕ್ಕೆ ಬರುತ್ತದೆ. ಅಲ್ಲಿ ಕೆಎ ನೋಂದಣಿಯ ಲಾರಿಗಳನ್ನು ಕಂಡಾಗ ಹೊರನಾಡಿನ ನಮ್ಮಂಥವರಿಗೆ ಊರಿನವರು ಸಿಕ್ಕಂತಾಗುತ್ತದೆ. ಯಾವ ತಿರುವಿನಲ್ಲಿ ಎದುರಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಎಷ್ಟನೆಯ ತಾಸಿಗೆ ರೆಪ್ಪೆ ಭಾರವಾಗುತ್ತದೆ, ಲಾರಿ ನಿಲ್ಲಿಸಿ ಮಲಗಲು ಜಾಗವಿಲ್ಲದೆ ಎಲ್ಲಿ ರಸ್ತೆಯಂಚಿಗೇ ಒತ್ತರಿಸಬೇಕಾಗುತ್ತದೆ ಎಂಬುದನ್ನು ಆ ಚಾಲಕರು ಕನ್ನಡದಲ್ಲಿ ಬಲ್ಲರು. ಇಂಗ್ಲಿಷಿನ ಸಾರಲೇಖವನ್ನು ನಿಗದಿತ ದಿನಾಂಕದೊಳಗೆ ಕಳುಹಿಸಬೇಕೆನ್ನುವ ಸಮ್ಮೇಳನಕ್ಕೆ ಆ ತಿಳಿವಳಿಕೆ ಬರುವುದಾದರೂ ಹೇಗೆ?

ತಜ್ಞರ ಸಭೆಗೆ ಜನಸಾಮಾನ್ಯರನ್ನು ತಂದರೆ ಅದು ಅಹವಾಲು ಸಭೆಯಾಗಿಬಿಡುತ್ತದೆ ಎಂಬ ಆಕ್ಷೇಪವನ್ನು ನಾವು ಕೇಳಿದ್ದೇವೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರಾಗಿ ಇದೇ ನಾಸಿಕದಲ್ಲಿ ವೃತ್ತಿ ಆರಂಭಿಸಿದ ವಿಶ್ವೇಶ್ವರಯ್ಯನವರು ಮುಂದೆ ಮೈಸೂರಿನಲ್ಲಿ ಮಾಡಿದ್ದನ್ನು ನೆನೆಯಬೇಕು. 1911ರಲ್ಲಿ ಅವರ ಪ್ರೇರಣೆಯಿಂದ ಆರಂಭವಾದ ಮೈಸೂರು ಸಂಪದಭ್ಯುದಯ ಸಮಾಜ ಅಧಿಕಾರಿಗಳ ಜೊತೆಗೆ ಬೇಸಾಯಗಾರರನ್ನೂ ವ್ಯಾಪಾರಿಗಳನ್ನೂ ಕೂರಿಸಿತು, ಜಿಲ್ಲೆ ತಾಲ್ಲೂಕುಗಳಿಗೂ ಸಮಿತಿಗಳನ್ನು ಇಳಿಸಿತು. ಜನರೊಡನೆ ಮಾತಾಡಲು ಹೊರಟವರಿಗೆ ಜನರ ಭಾಷೆಯ ಪ್ರಶ್ನೆ ಎದುರಾಗಲೇಬೇಕಿತ್ತು. 1915ರ ಕನ್ನಡ ಸಾಹಿತ್ಯ ಪರಿಷತ್ತಿನ ಹುಟ್ಟಿಗೆ ಆ ಸಮಾಜದ ಚಿಂತನೆಯೇ ಹಿನ್ನೆಲೆ. ಕನ್ನಡದ ಬರಹಗಾರರಾದ ನಾವು ಇಂದು ಎಂಜಿನಿಯರರ ಸಭೆಗಳ ಬಗ್ಗೆ ಮಾತಾಡಲು ಯಾವ ಅಧಿಕಾರವಿದೆ ಎಂದು ಕೇಳುವವರಿಗೆ ಈ ಹಳೆಯ ನೆಂಟಸ್ತಿಕೆಯನ್ನು ತೋರಿಸಬಯಸುತ್ತೇವೆ.

ಆದ್ದರಿಂದ ನಮ್ಮ ಕೋರಿಕೆ ಚಿಕ್ಕದು. ಮುಂಬಯಿಯಲ್ಲೋ ಪುಣೆಯಲ್ಲೋ ನಾಗಪುರದಲ್ಲೋ ಮುಂದೆ ನಡೆಯುವ ಒಂದು ಸಾರಿಗೆ ಸಮ್ಮೇಳನ ತನ್ನ ಒಂದು ಅಧಿವೇಶನವನ್ನು ವೈಜಾಪುರದಲ್ಲಿ ಮರಾಠಿಯಲ್ಲಿ ನಡೆಸಲಿ. ಕನ್ನಡ, ಹಿಂದಿ ಬಲ್ಲ ಇಬ್ಬರು ತರುಣ ಎಂಜಿನಿಯರರು ಜೊತೆಗಿದ್ದರೆ ಬೇರೆ ಕಡೆಯ ಚಾಲಕರ ಮಾತೂ ದಾಖಲಾದೀತು. ಬಂದ ಚಾಲಕರಿಗೆ ಒಂದು ದಿನದ ಸಂಬಳವನ್ನು ಕೊಡಲಿ, ಏಕೆಂದರೆ ನಿಂತ ಲಾರಿಗೆ ಯಾರೂ ಬಾಡಿಗೆ ಕೊಡುವುದಿಲ್ಲ. ಅಲ್ಲಿ ಕೇಳಿದ್ದನ್ನು ಸಂಹಿತೆಯ ಸಮಿತಿಗೆ ಒಪ್ಪಿಸಿ, ಮರುವರ್ಷ ಅದೇ ಜನರೆದುರು ಏನಾಯಿತೆಂದು ಹೇಳಲಿ. ಸಭೆಯ ಹೊತ್ತನ್ನು ಮಾತ್ರ ಮಧ್ಯಾಹ್ನದ ಊಟದ ನಂತರಕ್ಕೆ ಇಡಬಾರದು. ಆ ಬಸ್ಸು ಬಂದದ್ದು ರಾತ್ರಿ ಹನ್ನೆರಡು ದಾಟಿದ ಮೇಲೆ. ಪ್ರತಿನಿಧಿಗಳು ಆ ಹೊತ್ತಿಗೇ ಬಂದು ಟೋಲ್ ನಾಕೆಯ ಬಳಿ ಒಂದು ತಾಸು ನಿಂತು ನೋಡಲಿ.