ಹೊಗೆಕೊಳವೆಯ ಸಾಕ್ಷಿಗೆ ಬಾಯಿ ಕಟ್ಟಬೇಡಿ

ಮರಳವಾಡಿ ಸೀಮೆಯ ರೇಷ್ಮೆ ಹುಳುಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಉಷ್ಣತಾಮಾಪಕ ಕಣ್ಣಿಗೆ ಬೀಳುತ್ತದೆ. ಚಾಕಿ ಹುಳುವಿಗೆ 27-28 ಡಿಗ್ರಿ ಸೆಲ್ಸಿಯಸ್, ಬೆಳೆದ ಹುಳುವಿಗೆ 24-25 ಡಿಗ್ರಿ ಬೇಕೆಂಬುದು ಅಲ್ಲಿನ ಬೆಳೆಗಾರರಿಗೆ ಬಾಯಿಪಾಠ. ಬೇಸಿಗೆಯಲ್ಲಿ ಕಾವು ಏರಿದರೆ ಕಿಟಕಿಗೆ ನೆನೆದ ಗೋಣಿತಾಟು ಕಟ್ಟುತ್ತಾರೆ, ನೆಲಕ್ಕೆ ನೀರು ಚಿಮುಕಿಸುತ್ತಾರೆ. ಮಾಪಕವನ್ನೇ ತಣ್ಣೀರಿನ ಚೊಂಬಿನಲ್ಲಿ ಅದ್ದಿ, 'ಇಪ್ಪತ್ತೈದೇ ಇದೆ' ಎಂದು ನೆಮ್ಮದಿಯಿಂದ ಮಲಗುವ ಬೆಳೆಗಾರ ಯಾವ ಊರಿನಲ್ಲಿಯೂ ಸಿಗಲಾರ. ಹಾಗೆ ಮಲಗಿದವನಿಗೆ ಗೂಡು ಕೈಗೆ ಹತ್ತುವುದಿಲ್ಲ.

ವಾಹನಗಳ ವಿಷಯಕ್ಕೆ ಬಂದಾಗ ಮಾತ್ರ ಈ ವಿವೇಕ ಮರೆಯಾಗುತ್ತಿದೆ. ಇಂದು ಹಳ್ಳಿಯ ಅಂಗಳದಲ್ಲಿ ನಿಂತ ಪಿಕಪ್ ಗಾಡಿಯೂ ಟರ್ಬೊ ಡೀಸೆಲ್, ವಾರಾಂತ್ಯಕ್ಕೆ ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದು ಬರುವ ದೊಡ್ಡ ಕಾರೂ ಟರ್ಬೊ ಡೀಸೆಲ್. ಇವುಗಳ ಶಕ್ತಿಯನ್ನು ತಾವೇ ಹೆಚ್ಚಿಸಿಕೊಳ್ಳುವ ಹವ್ಯಾಸ ಈಗ ಸಣ್ಣದೊಂದು ಉದ್ಯಮವಾಗಿ ಬೆಳೆದಿದೆ. ಎಂಜಿನ್ನಿನ ಗಣಕಕ್ಕೆ ಹೊಸ ಲೆಕ್ಕ ತುಂಬುವ 'ರೀಮ್ಯಾಪ್', ನಡುವೆ ಸಿಕ್ಕಿಸುವ 'ಟ್ಯೂನಿಂಗ್ ಬಾಕ್ಸ್', ಹೊಗೆ ಶೋಧಕವನ್ನು ಕಿತ್ತೆಸೆಯುವ ಸೇವೆ, ಎಲ್ಲವೂ ಹಣ ಕೊಟ್ಟರೆ ದೊರೆಯುತ್ತವೆ. ಎಂಜಿನ್ನಿಗೆ ಕೈಹಾಕುವುದು ತಪ್ಪೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಕೈಹಾಕುವವನು ಅದರ ಸಾಕ್ಷಿಯನ್ನು ಕೇಳುತ್ತಿದ್ದಾನೆಯೋ ಅಥವಾ ಅದರ ಬಾಯಿ ಕಟ್ಟುತ್ತಿದ್ದಾನೆಯೋ ಎಂಬುದು ಪ್ರಶ್ನೆ.

ಸಾಕ್ಷಿ ಹೇಳುವ ಬಗೆ

ಟರ್ಬೊ ಎಂಬುದು ಸರಳವಾದ ಜಾಣ್ಮೆ. ಹೊರಹೋಗುವ ಬಿಸಿ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೆಚ್ಚು ಗಾಳಿಯನ್ನು ಎಂಜಿನ್ನಿನೊಳಗೆ ಒತ್ತುತ್ತದೆ. ಗಾಳಿ ಹೆಚ್ಚಿದಷ್ಟು ಇಂಧನವನ್ನೂ ಹೆಚ್ಚಾಗಿ ಉರಿಸಬಹುದು. ಆದರೆ ಇವೆರಡರ ಹದ ತಪ್ಪಿದರೆ ಪೆಟ್ಟು ಎಂಜಿನ್ನಿಗೂ ಊರಿಗೂ ತಗಲುತ್ತದೆ. ಈ ಹದವನ್ನು ಕಾಯಲೆಂದೇ ಹೊಗೆಯ ಹಾದಿಯಲ್ಲಿ ಸೆನ್ಸರುಗಳಿವೆ.

ಅವುಗಳಲ್ಲಿ ಹಿರಿಯದು ಆಮ್ಲಜನಕದ ಸೆನ್ಸರ್. 1976ರಲ್ಲಿ ವೋಲ್ವೊ ಕಾರಿನಲ್ಲಿ ಬಾಷ್ ಕಂಪನಿ ಇದನ್ನು ಮೊದಲಿಗೆ ಬಳಕೆಗೆ ತಂದಿತು. ಪೆಟ್ರೋಲ್ ಪೂರ್ಣವಾಗಿ ಉರಿಯಲು ಒಂದು ಪಾಲು ಇಂಧನಕ್ಕೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಇಂಧನ ಹೆಚ್ಚಾದರೆ ಸಾಮಾನ್ಯ ಆಮ್ಲಜನಕ ಸೆನ್ಸರ್ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟ್ ತೋರಿಸುತ್ತದೆ. ಇನ್ನೊಂದು, ಹೊಗೆಯ ತಾಪವನ್ನು ಅಳೆಯುವ ಸೆನ್ಸರ್. ಹೆಚ್ಚು ಶಕ್ತಿಯ ಆಸೆಗೆ ಡೀಸೆಲ್ ಎಂಜಿನ್ನಿಗೆ ಇಂಧನ ಸುರಿದಂತೆಲ್ಲ ಹೊಗೆಯ ತಾಪ ಏರುತ್ತದೆ. ಏರುದಾರಿಯಲ್ಲಿ ಭಾರ ಹೊತ್ತು ಸಾಗುವಾಗ ಅದು ಮಿತಿ ಮೀರಿ ನಿಂತರೆ ಟರ್ಬೊ ಚಕ್ರವೂ ಪಿಸ್ಟನ್ನೂ ಸುಟ್ಟುಹೋಗುತ್ತವೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇದಕ್ಕೆ ತಿರುಗುಮುರುಗು: ಭಾರ ಹೊತ್ತಾಗ ಇಂಧನ ಕಡಿಮೆಯಾದರೆ ತಾಪ ಹೆಚ್ಚುತ್ತದೆ. ಮೂರನೆಯದು ಡೀಸೆಲ್ ವಾಹನದ ಮಸಿ ಶೋಧಕದ ಎರಡೂ ಬದಿಯ ಒತ್ತಡವನ್ನು ಹೋಲಿಸುವ ಸೆನ್ಸರ್. ಶೋಧಕ ತುಂಬಿದೆಯೆಂದು ಗಣಕಕ್ಕೆ ತಿಳಿಸುವುದು ಇದರ ಕೆಲಸ. ಆಗ ಸುಮಾರು 600 ಡಿಗ್ರಿ ಕಾವಿನಲ್ಲಿ ಮಸಿಯನ್ನು ಉರಿಸಿ ಶೋಧಕವನ್ನು ಬರಿದು ಮಾಡಲಾಗುತ್ತದೆ.

ತಿಳಿದು ಕೆಲಸ ಮಾಡುವ ಹವ್ಯಾಸಿ ಈ ಸೆನ್ಸರುಗಳನ್ನು ಕೀಳುವುದಿಲ್ಲ. ಇರುವುದು ಸಾಲದೆಂದು ಇನ್ನೂ ಸೂಕ್ಷ್ಮವಾದವನ್ನು ಸೇರಿಸುತ್ತಾನೆ. ಮಾಪಕವನ್ನು ಕಣ್ಣೆದುರು ಇಟ್ಟುಕೊಂಡು ಅಲ್ಪಸ್ವಲ್ಪವೇ ಬದಲಿಸಿ, ಫಲವನ್ನು ಬರೆದಿಟ್ಟು, ಮಿತಿ ಬಂದಲ್ಲಿ ನಿಲ್ಲುತ್ತಾನೆ. ಪಂಪ್‌ಸೆಟ್ ಬಿಚ್ಚಿ ತಾನೇ ಸರಿಪಡಿಸಿಕೊಳ್ಳುವ ರೈತನ ಗುಣವೇ ಇದು. ಅಂಥ ಸ್ವಾವಲಂಬನೆಯನ್ನು ಹಳಿಯುವುದಕ್ಕೆ ಕಾರಣವಿಲ್ಲ.

ಸುಳ್ಳು ಹೇಳಿಸುವ ಕಸುಬು

ಪೇಟೆಯಲ್ಲಿ ಹೆಚ್ಚಾಗಿ ಮಾರಾಟವಾಗುತ್ತಿರುವುದು ಬೇರೆಯದೇ ಸರಕು. ಅಗ್ಗದ ಟ್ಯೂನಿಂಗ್ ಬಾಕ್ಸ್ ಮಾಡುವ ಕೆಲಸವಾದರೂ ಏನು? ಡೀಸೆಲ್ ಒತ್ತಡದ ಸೆನ್ಸರ್ ಕಳಿಸುವ ಅಂಕಿಯನ್ನು ನಡುದಾರಿಯಲ್ಲಿ ತಗ್ಗಿಸಿ, ಒತ್ತಡ ಕಡಿಮೆಯಿದೆಯೆಂದು ಗಣಕವನ್ನು ನಂಬಿಸುವುದು. ಗಣಕ ಒತ್ತಡವನ್ನು ಏರಿಸುತ್ತದೆ, ಇಂಧನ ಹೆಚ್ಚು ಹರಿಯುತ್ತದೆ. ಹೊಗೆಯ ಒಂದು ಭಾಗವನ್ನು ಎಂಜಿನ್ನಿಗೇ ಮರಳಿಸಿ ಉರಿಯ ಕಾವು ತಗ್ಗಿಸುವ ಕವಾಟಕ್ಕೆ ತಗಡು ಬಡಿಯುವವರಿದ್ದಾರೆ. ಮಸಿ ಶೋಧಕವನ್ನು ಟೊಳ್ಳಾಗಿಸಿ, ಅದು ಸ್ವಸ್ಥವಾಗಿದೆಯೆಂದು ಗಣಕಕ್ಕೆ ಬರೆದುಕೊಡುವವರೂ ಇದ್ದಾರೆ. ಚೊಂಬಿನಲ್ಲಿ ಅದ್ದಿದ ಉಷ್ಣತಾಮಾಪಕವೆಂದರೆ ಇದೇ.

ಇಂಥ ವಂಚನೆಯ ಜಗತ್ಪ್ರಸಿದ್ಧ ಪ್ರಕರಣವನ್ನು ಬಯಲಿಗೆ ತಂದದ್ದು ಒಂದು ಪುಟ್ಟ ತಂಡ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹೊಗೆ ಅಳೆಯುವ ಸಲಕರಣೆಗಳನ್ನು ಕಾರಿನೊಳಗೇ ಇಟ್ಟುಕೊಂಡು ರಸ್ತೆಗೆ ಇಳಿದರು. ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಆ ತಂಡದಲ್ಲಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು. ಪ್ರಯೋಗಾಲಯದಲ್ಲಿ ಸಾಧುವಾಗಿದ್ದ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರು ರಸ್ತೆಯಲ್ಲಿ ಮಿತಿಯ ಹಲವು ಪಟ್ಟು ಸಾರಜನಕದ ಆಕ್ಸೈಡ್ ಉಗುಳುತ್ತಿತ್ತು. 2014ರಲ್ಲಿ ಈ ವರದಿ ಹೊರಬಿತ್ತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಕಂಪನಿಗೆ ನೋಟಿಸು ಕೊಟ್ಟಿತು. ಪರೀಕ್ಷೆಯ ಹೊತ್ತನ್ನು ಗುರುತಿಸಿ ಆಗ ಮಾತ್ರ ಶುದ್ಧವಾಗಿ ಓಡುವ ಕುತಂತ್ರ ಗಣಕದಲ್ಲಿಯೇ ಇತ್ತು. ಭಾರತದಲ್ಲಿಯೂ ಸುಮಾರು 3.23 ಲಕ್ಷ ಕಾರುಗಳನ್ನು ವಾಪಸು ಕರೆಸಿ ತಿದ್ದುವುದಾಗಿ ಕಂಪನಿ ಅದೇ ವರ್ಷ ಪ್ರಕಟಿಸಿತು. ದೊಡ್ಡ ಕಂಪನಿ ಮಾಡಿದಾಗ ಜಗತ್ತೇ ವಂಚನೆ ಎಂದು ಕರೆದದ್ದನ್ನು ಬೀದಿಬದಿಯ ಗ್ಯಾರೇಜಿನಲ್ಲಿ ಮಾಡಿಸಿಕೊಂಡಾಗ 'ಪಿಕಪ್ ಚೆನ್ನಾಗಿದೆ' ಎಂದು ಮೆಚ್ಚುವುದು ಯಾವ ನ್ಯಾಯ?

ಸೊಪ್ಪಿನ ಮೇಲೆ ಬೀಳುವ ಲೆಕ್ಕ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್ 6 ಜಾರಿಯಲ್ಲಿದೆ. ಡೀಸೆಲ್ ಕಾರಿನ ಸಾರಜನಕದ ಆಕ್ಸೈಡ್ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ, ಮಸಿಕಣದ ಮಿತಿ 25ರಿಂದ 4.5ಕ್ಕೆ ಇಳಿಯಿತು. ಈ ಇಳಿಕೆಯಲ್ಲಿ ದೊಡ್ಡ ಪಾಲು ಶೋಧಕ, ಕವಾಟ ಮತ್ತು ಸೆನ್ಸರುಗಳದ್ದು. ಅವನ್ನು ಕಿತ್ತ ದಿನವೇ ಗಾಡಿ ಹಿಂದಿನ ಕಾಲಕ್ಕೆ ಮರಳುತ್ತದೆ.

ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಘೋಷಿಸಿದೆ. ಹೊಲಕ್ಕೂ ಅದರ ಬಿಸಿ ತಟ್ಟುತ್ತದೆ. ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ನೆಲಮಟ್ಟದ ಓಜೋನ್ ಆಗುತ್ತವೆ. ಅದು ಎಲೆಯ ರಂಧ್ರಗಳ ಮೂಲಕ ಒಳಹೊಕ್ಕು ಬೆಳೆಯ ಕಸುವು ಕುಗ್ಗಿಸುತ್ತದೆ. ಹಿಪ್ಪುನೇರಳೆ ಸೊಪ್ಪಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹೊಗೆಸೊಪ್ಪಿನ ಹೊಲದ ಪಕ್ಕದಲ್ಲಿ ಹಿಪ್ಪುನೇರಳೆ ಬೆಳೆಯಬಾರದೆಂದು ಬೆಳೆಗಾರರಿಗೆ ಹೇಳಿಕೊಡುವುದು ರೇಷ್ಮೆ ಹುಳು ಅಷ್ಟು ನಾಜೂಕಾದ ಜೀವವೆಂಬ ಕಾರಣಕ್ಕೆ. ರಸ್ತೆ ಅಂಚಿನ ಧೂಳು, ಮಸಿ ಹಿಡಿದ ಸೊಪ್ಪನ್ನು ಹುಳುವಿಗೆ ಹಾಕಲು ಬೆಳೆಗಾರ ಹಿಂಜರಿಯುತ್ತಾನೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ನಂಬಿ ಬದುಕುವ ಸೀಮೆಯಲ್ಲಿ, ಒತ್ತಿಗೆ ಬನ್ನೇರುಘಟ್ಟದ ಕಾಡು ಇರುವ ಸೀಮೆಯಲ್ಲಿ, ಒಬ್ಬನ ಗಾಡಿಯ ಹೊಗೆ ಅವನೊಬ್ಬನ ಸ್ವಂತ ವಿಷಯವಾಗಲಾರದು.

ಕಾನೂನಿನ ಕಣ್ಣು ಎಲ್ಲಿದೆ?

ಕಾನೂನು ಇಲ್ಲವೆಂದಲ್ಲ. ತಯಾರಕರು ನಿಗದಿಪಡಿಸಿದ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಿದೆ. ಆದರೆ ಹಿಡಿಯುವ ಬಲೆಯಲ್ಲಿಯೇ ತೂತಿದೆ. ಹೊಗೆ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ಗಾಡಿಯ ಕರಿಹೊಗೆಯ ಸಾಂದ್ರತೆಯನ್ನಷ್ಟೇ, ಅದೂ ನಿಂತಲ್ಲಿ ಎಂಜಿನ್ ರೇಗಿಸಿ, ನೋಡುತ್ತಾರೆ. ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡನ್ನು ಅಲ್ಲಿ ಅಳೆಯುವುದಿಲ್ಲ. ಕವಾಟಕ್ಕೆ ತಗಡು ಬಡಿದ ಗಾಡಿ ಹೊಗೆ ಕಡಿಮೆಯೆಂದು ಸುಲಭವಾಗಿ ಪಾಸಾಗಿ, ವರ್ಷವಿಡೀ ಪ್ರಮಾಣಪತ್ರ ಹಿಡಿದು ತಿರುಗಬಹುದು.

ವಾಹನದವರ ಕಷ್ಟವೂ ನಿಜವೇ. ಹಳ್ಳಿಯೊಳಗಿನ ಕಿರುದಾರಿಯಲ್ಲಿ, ನಗರದ ದಟ್ಟಣೆಯಲ್ಲಿ ಆಮೆನಡಿಗೆಯಲ್ಲಿ ಓಡುವ ಗಾಡಿಯ ಶೋಧಕ ಉರಿದು ಬರಿದಾಗುವಷ್ಟು ಬಿಸಿಯೇ ಆಗುವುದಿಲ್ಲ. ದೀಪ ಹೊತ್ತಿಕೊಳ್ಳುತ್ತದೆ, ಹೊಸ ಶೋಧಕದ ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಕಂಪನಿಯ ಸರ್ವಿಸ್ ಕೇಂದ್ರ ದೂರವಿದೆ. ಆಗ 'ಕಿತ್ತುಬಿಡಿ' ಎನ್ನುವ ಗ್ಯಾರೇಜು ಬಂಧುವಿನಂತೆ ಕಾಣುವುದು ಸಹಜ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಶೋಧಕ ಬಹುಮಟ್ಟಿಗೆ ತಾನೇ ಶುಚಿಯಾಗುತ್ತದೆಂಬ ಸಣ್ಣ ಮಾತನ್ನು ಮಾರುವವರು ಬಿಡಿಸಿ ಹೇಳಿದ್ದರೆ ಎಷ್ಟೋ ಗಾಡಿಗಳು ಕೆಡುತ್ತಿರಲಿಲ್ಲ.

ಆದ್ದರಿಂದ ಪರಿಸರ ಸಂಘಟನೆಗಳ ಬೇಡಿಕೆ ಎರಡು ಮೊನೆಯದಾಗಿರಬೇಕು. ಮೊದಲನೆಯದು ಸರ್ಕಾರಕ್ಕೆ: ತಪಾಸಣಾ ಕೇಂದ್ರದಲ್ಲಿ ಗಾಡಿಯ ಗಣಕವನ್ನು ಓದಬೇಕು, ಸೆನ್ಸರುಗಳು ಜೀವಂತವಾಗಿವೆಯೇ ಎಂದು ನೋಡಬೇಕು, ಸಾರಜನಕದ ಆಕ್ಸೈಡನ್ನು ಅಳೆಯಬೇಕು. ದಂಡದ ಕೋಲು ಮಾಡಿಸಿಕೊಂಡವನಿಗಿಂತ ಮೊದಲು ಸುಳ್ಳುಪೆಟ್ಟಿಗೆ ಮಾರುವವನ ಕಡೆ ತಿರುಗಬೇಕು. ಎರಡನೆಯದು ತಯಾರಕರಿಗೆ: ಸೆನ್ಸರ್ ಹೇಳುವುದನ್ನು ಗಾಡಿಯ ಒಡೆಯ ತಾನೇ ಓದುವಂತಿರಬೇಕು, ಬಿಡಿಭಾಗ ಕೈಗೆಟುಕುವ ಬೆಲೆಗೆ ಹತ್ತಿರದ ಊರಿನಲ್ಲಿ ಸಿಗಬೇಕು. ಓದಲು ಬಿಡದ ಮಾಪಕವನ್ನು ಯಾರೂ ತನ್ನದೆಂದು ಕಾಯುವುದಿಲ್ಲ.

ಹುಳುಮನೆಯ ಮಾಪಕವನ್ನು ಬೆಳೆಗಾರ ಕಾಯುವುದು ಇನ್‌ಸ್ಪೆಕ್ಟರನ ಭಯಕ್ಕಲ್ಲ. ಮಾಪಕ ಸುಳ್ಳಾಡಿದರೆ ಬೆಳೆ ಹೋಗುತ್ತದೆಂಬ ಅರಿವಿಗೆ. ಗಾಡಿಯ ಹೊಗೆಕೊಳವೆಯಲ್ಲಿ ಕುಳಿತ ಬೆರಳುದ್ದದ ಸೆನ್ಸರ್ ಕಾಯುತ್ತಿರುವುದೂ ಅದೇ ಬೆಳೆಯನ್ನು, ಅದೇ ಮಕ್ಕಳ ಉಸಿರನ್ನು. ಈ ಅರಿವು ಮರಳವಾಡಿಯ ಗ್ಯಾರೇಜಿನವರೆಗೂ ಮುಟ್ಟಿದ ದಿನ ಅರ್ಧ ಕೆಲಸ ಆದಂತೆಯೇ.