ಸಾಲು ಬೇರೆ, ಕೂಟ ಬೇರೆ

ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ. ಇದು 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ. ಯೋಜನೆ ಒಳ್ಳೆಯದೇ, ನಮ್ಮ ತಕರಾರಿಲ್ಲ. ಆದರೆ ಹಲವೆಡೆ ನಡೆಯುವುದೇನು? ತಾಯಿ ಕಾರ್ಡ್ ಹಿಡಿದ ಹೆಂಗಸರ ಉದ್ದನೆಯ ಸಾಲು. ತೂಕ, ಬಿಪಿ, ರಕ್ತ, ಮಾತ್ರೆ, ಮುಂದಿನವರು ಬನ್ನಿ! ಕಾಲು ಊದಿದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ಬುರ್ಖಾ ತೊಟ್ಟವಳಿಗೆ "ಇದು ಎಷ್ಟನೆಯದಮ್ಮಾ?" ಎಂಬ ಕುಹಕ ಬೇರೆ.

ನೂರು ಹೆಂಗಸರನ್ನು ಒಂದೆಡೆ ಸೇರಿಸಿಯೂ ಒಬ್ಬೊಬ್ಬಳನ್ನೂ ಒಂಟಿಯಾಗಿಸುವ ಈ ಕ್ರಮಕ್ಕೆ ಬದಲಿ ಇದೆ. ಅಮೆರಿಕದ ದಾದಿ ಶರಾನ್ ಶಿಂಡ್ಲರ್ ರೈಸಿಂಗ್ 1990ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ, ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಹೆರಲಿರುವ 8ರಿಂದ 12 ಬಸುರಿಯರು ವರ್ತುಲವಾಗಿ ಕೂರುತ್ತಾರೆ. ತೂಕ, ಬಿಪಿ ತಾವೇ ನೋಡಿ ಬರೆದುಕೊಳ್ಳುತ್ತಾರೆ. ಹೊಟ್ಟೆಯ ಪರೀಕ್ಷೆ ಒಬ್ಬೊಬ್ಬರಿಗೇ, ಪಕ್ಕಕ್ಕೆ ಕರೆದು. ಉಳಿದದ್ದೆಲ್ಲ ಮಾತು. ಇಂಥ ಕೂಟದಲ್ಲಿದ್ದ ಹೆಂಗಸರು ಮತ್ತೆ ಮತ್ತೆ ಹೇಳುವುದು, ಈ ಭಯ ನನಗೊಬ್ಬಳಿಗೇ ಅಲ್ಲವೆಂದು ಅಲ್ಲಿ ತಿಳಿಯಿತು ಎಂದು.

ಅಮೆರಿಕದ ಮಾತು ನಮಗೇಕೆ ಎನ್ನುವವರು ಜಾರ್ಖಂಡ್, ಒಡಿಶಾಗಳ ಆದಿವಾಸಿ ಹಳ್ಳಿಗಳನ್ನು ನೋಡಲಿ. ಅಲ್ಲಿ 'ಏಕಜುಟ್' ಸಂಸ್ಥೆ ನಡೆಸಿದ್ದು ತಪಾಸಣೆಯನ್ನಲ್ಲ, ಹೆಂಗಸರ ತಿಂಗಳ ಸಭೆಯನ್ನು ಮಾತ್ರ. ಸಭೆ ನಡೆದ ಕಡೆ ನವಜಾತ ಶಿಶುಗಳ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಿತ್ತೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬರೀ ಮಾತುಕತೆಗೇ ಇಷ್ಟು ಬಲವಿದ್ದರೆ, ಅದರ ಜೊತೆ ತಪಾಸಣೆಯೂ ಸೇರಿದರೆ?

ದಾದಿಯರಿಗೆ ಪುರುಸೊತ್ತಿಲ್ಲ ಎನ್ನುತ್ತಾರೆ ಅಧಿಕಾರಿಗಳು. ಹತ್ತು ಜನರಿಗೆ ಹತ್ತು ಸಲ ಗದರಿ ಹೇಳುವುದನ್ನು ಒಮ್ಮೆ ಕೂತು ಸಮಾಧಾನದಿಂದ ಹೇಳಲಾಗದೇ? ಹೆಂಗಸರ ಗುಟ್ಟು ಬಯಲಾಗುತ್ತದೆ ಎನ್ನುತ್ತಾರೆ ನಮ್ಮ ಸಮುದಾಯದ ಕೆಲವು ಹಿರಿಯರು. ಮನೆಯ ಹೊಡೆತ, ಬಡಿತದಂಥ ಸಂಗತಿಗೆ ದಾದಿಯೊಡನೆ ಏಕಾಂತ ಬೇಕು, ಒಪ್ಪೋಣ. ಆದರೆ ರಕ್ತಸ್ರಾವ, ತಲೆಸುತ್ತು, ಮಗುವಿನ ಮಿಸುಕಾಟ ಗುಟ್ಟುಗಳಲ್ಲ, ಅರಿವು. ಹಯಾ ಅನ್ಸಾರಿ ಸ್ತ್ರೀಯರ ಪ್ರಶ್ನೆಗಳಿಗೆ ಅಡ್ಡಬರಲಿಲ್ಲವೆಂದು ಹಜ್ರತ್ ಆಯಿಷಾ ಮೆಚ್ಚಿಕೊಂಡದ್ದನ್ನು ಈ ಹಿರಿಯರು ಮರೆತರೇ? ಬೀಡಿ ಕಟ್ಟಲು ಜಗಲಿಯಲ್ಲಿ ಒಟ್ಟಿಗೆ ಕೂರುವ ನಮ್ಮ ಹೆಣ್ಣುಮಕ್ಕಳು ಜೀವ ಉಳಿಸಿಕೊಳ್ಳಲು ಒಟ್ಟಿಗೆ ಕೂತರೆ ಮಾತ್ರ ಮರ್ಯಾದೆ ಹೋಗುತ್ತದೆಯೇ?

ನಾವು ಹೊಸ ಕಟ್ಟಡ ಕೇಳುತ್ತಿಲ್ಲ. ಒಂದು ಚಾಪೆ, ಒಂದು ಬಿಪಿ ಯಂತ್ರ, ಮರೆಗೊಂದು ಪರದೆ, ಕೇಳುವ ಕಿವಿಯಿರುವ ಒಬ್ಬ ದಾದಿ, ಇಷ್ಟು ಸಾಕು. ಮುಂದಿನ 9ನೇ ತಾರೀಖಿಗೆ ಅವರನ್ನು ನಿಲ್ಲಿಸಬೇಡಿ, ಕೂರಿಸಿ.