ಮನೆಗೆ ಬಾಗಿಲೂ ಬೇಕು, ಜಗಲಿಯೂ ಬೇಕು

ಕಾಸರಗೋಡಿನ ಆಸುಪಾಸಿನಲ್ಲಿ ಹೊಸ ಮನೆಗಳು ಏಳುತ್ತಿವೆ, ಸಂತೋಷವೇ. ಆದರೆ ಆಳೆತ್ತರದ ಆವರಣಗೋಡೆ, ಕಬ್ಬಿಣದ ಗೇಟು, ಕಾಂಕ್ರೀಟು ತಾರಸಿ ಇಷ್ಟೆಲ್ಲ ಆದಮೇಲೆ ಜಗಲಿಗೆ ಜಾಗ ಉಳಿಯುವುದಿಲ್ಲ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಜಿಲ್ಲೆಯಿದು. ತಾರಸಿ ಸೋರತೊಡಗಿದಾಗ ಅದರ ಮೇಲೊಂದು ತಗಡಿನ ಮಾಡು! ಕೆಂಪುಕಲ್ಲಿನ ಗೋಡೆ, ಹಂಚಿನ ಇಳಿಜಾರು ಮಾಡು ಕಟ್ಟಿದ ಹಿರಿಯರು ದಡ್ಡರಾಗಿರಲಿಲ್ಲ.

ಹಾಗೆಂದು ಹಳೆಯ ಮನೆಯನ್ನು ನಾವು ಹೊಗಳುತ್ತ ಕೂರಲಾರೆವು. ಚಾವಡಿಯ ಗಾಳಿ ಗಂಡಸರಿಗೆ, ಅಡುಗೆಕೋಣೆಯ ಹೊಗೆ ಹೆಂಗಸರಿಗೆ ಎಂಬಂತಿತ್ತು. ಪರೀಕ್ಷೆಗೆ ಓದುವ ಹುಡುಗಿಗೆ, ಬಾಣಂತಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯಿರುತ್ತಿರಲಿಲ್ಲ. ಆ ಬಾಗಿಲು ಬೇಕೇ ಬೇಕು. ಅದಕ್ಕಾಗಿ ನೆರೆಕರೆಗೆ ಬೆನ್ನು ಹಾಕಬೇಕೆ?

ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಜಾಲಿಗೋಡೆ ಕಟ್ಟಿಸುತ್ತಿದ್ದರು. ಗಾಳಿ, ಬೆಳಕು ಒಳಬರುತ್ತದೆ, ದಾರಿಹೋಕರ ಕಣ್ಣು ಬೀಳದು, ಇಟ್ಟಿಗೆಯೂ ಉಳಿತಾಯ. ಮುಂದೆ ಜಗಲಿ, ಹಿತ್ತಿಲ ಕಡೆಗೆ ಮಲಗುವ ಕೋಣೆಗಳು, ನಡುವೆ ಇಂಥದೊಂದು ಗೋಡೆ ಇದ್ದರೆ ಸಾಕಲ್ಲವೆ?

ಇದು ಬರಿಯ ಗಾಳಿ-ಬೆಳಕಿನ ಮಾತೂ ಅಲ್ಲ. ಸಂಜೆ ಅಜ್ಜ ಪತ್ರಿಕೆ ಓದಿ ಹೇಳುತ್ತಿದ್ದದ್ದು, ಮಲಯಾಳಿ ನೆರೆಯವರು ಬಂದು ಎಲೆಅಡಿಕೆ ಹಾಕುತ್ತಿದ್ದದ್ದು ಜಗಲಿಯಲ್ಲೇ. ನಮ್ಮ ಮಕ್ಕಳಿಗೆ ಮನೆಯ ಕನ್ನಡವೂ ನೆರೆಯ ಮಲಯಾಳವೂ ಹತ್ತಿದ್ದು ಅಲ್ಲಿಯೇ. ಮಳೆ ಕಳೆದು ಕೆಲಸಕ್ಕೆ ಕೈಹಚ್ಚುವವರು, ನಕ್ಷೆ ಪಂಚಾಯತಿಗೆ ಹೋಗುವ ಮೊದಲೇ ಆರಡಿ ಅಗಲದ ಜಗಲಿಯನ್ನು ಅದರಲ್ಲಿ ಬರೆಸಿಕೊಳ್ಳಲಿ.